ನೂರ ಹನ್ನೆರಡು ಗೆಲುವು

"ನಿಮ್ಮ ಆಟ ಸರಿ ಇಲ್ಲ ಮೇಡಂ," ಎಂದ ಬಾಗಿಲಲ್ಲಿ ನಿಂತಿದ್ದವನು. "ನೂರ ಹನ್ನೆರಡು ಸಲ ಆಡಿದೆ. ನೂರ ಹನ್ನೆರಡು ಸಲವೂ ನಾನೇ ಗೆದ್ದೆ."

ಮುಂಬಯಿಯ ಸಯನ್‌ನ ಆ ಮೂರನೆಯ ಮಹಡಿಯ ಮನೆಗೆ ಇಂಥ ದೂರು ಹೊತ್ತು ಯಾರೂ ಬಂದಿರಲಿಲ್ಲ. ಶಾಮಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಸ್ತ್ರಿಯ ಬಿಳಿ ಅಂಗಿ, ಬಲಗೈ ಮೇಲೆ ಎಣ್ಣೆ ಸಿಡಿದ ಕಲೆಗಳು, ಕಂಕುಳಲ್ಲಿ ದಪ್ಪದೊಂದು ನೋಟ್‌ಬುಕ್. ಹೆಸರು ಅಂಗಾರ, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ ಕೆಲಸ, ಇವತ್ತು ವಾರದ ರಜೆ. ವಿಳಾಸ ಆಟದ ಮೊದಲ ಪರದೆಯ ಮೇಲೇ ಇತ್ತು. 'ತಪ್ಪು ಕಂಡರೆ ತಿಳಿಸಿ. ಖಾಲಿ ಫ್ಲಾಪಿ ಕಳಿಸಿದರೆ ತಿದ್ದಿದ ಆಟ ತುಂಬಿ ಕಳಿಸುತ್ತೇನೆ' ಎಂದು ಶಾಮಲಾಳೇ ಬರೆದಿದ್ದಳು. ವರ್ಷವಾದರೂ ಒಂದು ಕಾಗದ ಬಂದಿರಲಿಲ್ಲ. ತಾನು ಕಂಪ್ಯೂಟರಿಗೆ ಬರೆದ ಅಳಗುಳಿಮಣೆಯಲ್ಲಿ ತಪ್ಪೇ ಇಲ್ಲವೆಂದು ಅವಳು ನಂಬಿಕೊಂಡಿದ್ದಳು.

ಒಳಗೆ ಚಹಾ ಕುಡಿಯುತ್ತಿದ್ದ ರಮಾನಾಥರು ಕಪ್ಪು ಕೆಳಗಿಟ್ಟರು. ಆ ಆಟವನ್ನು ತಮ್ಮ ಫ್ಲಾಪಿ ಅಂಗಡಿಯಲ್ಲಿಟ್ಟು ಮಾರುತ್ತಿದ್ದವರು ಅವರು. ವರ್ಷದಲ್ಲಿ ಖರ್ಚಾದದ್ದು ಹನ್ನೊಂದು ಪ್ರತಿ. ಶಾಮಲಾ ಅದಕ್ಕೆ ಬೀಗ ಹಾಕಿರಲಿಲ್ಲ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಿತ್ತು. ಮುಂಬಯಿ ಮಳೆಗೆ ಫ್ಲಾಪಿ ಬೂಷ್ಟು ಹಿಡಿಯುತ್ತದೆ, ಕೊಂಡವರು ಇನ್ನೊಂದು ಪ್ರತಿ ಇಟ್ಟುಕೊಳ್ಳಲಿ ಎನ್ನುವುದು ಅವಳ ವಾದ. ಆರು ತಿಂಗಳ ಜಗಳದ ನಂತರ ಗೆದ್ದವರು ರಮಾನಾಥರು. ನಕಲು ಮಾಡಿದರೆ ಓಡದಂತೆ ಬೀಗ ಹಾಕಿದ ಫ್ಲಾಪಿಯನ್ನು ಅವಳು ಈಗಷ್ಟೇ ಅವರ ಚೀಲಕ್ಕೆ ಹಾಕಿದ್ದಳು. ನಾಳೆ ಅದರಿಂದ ಇನ್ನೂರು ಪ್ರತಿ ತೆಗೆಯಬೇಕಿತ್ತು.

"ಎಲ್ಲಿಂದ ತಗೊಂಡದ್ದು ಇದನ್ನು?" ರಮಾನಾಥರು ಕೇಳಿದರು.

"ಯಜಮಾನರ ಮಗ ಪವಾಯಿ ಕಾಲೇಜಿನ ಹಾಸ್ಟೆಲಿಂದ ತಂದದ್ದು. ಅವನಿಗೆ ರೂಮ್‌ಮೇಟ್ ಕೊಟ್ಟದ್ದಂತೆ. ಆಚೆ ಯಾರೋ ನನಗೆ ಗೊತ್ತಿಲ್ಲ."

"ಅಂದ್ರೆ ಕೊಂಡದ್ದಲ್ಲ."

"ಅಲ್ಲ," ಎಂದ ಅಂಗಾರ, ಚಟ್ನಿ ಮುಗಿದಿದೆ ಎಂದು ಹೇಳುವ ದನಿಯಲ್ಲಿ.

"ಒಳ್ಳೆ ಕಥೆ ಮಾರಾಯ್ರೆ! ಕೊಂಡವರು ಹನ್ನೊಂದು ಜನ ಬಾಯಿ ಬಿಡಲಿಲ್ಲ. ಪುಕ್ಕಟೆ ಆಡಿದವರು ಬಂದು ಖಾಲಿಪೀಲಿ ಕಂಪ್ಲೇಂಟ್!"

"ಬನ್ನಿ, ಕೂತ್ಕೊಳ್ಳಿ," ಎಂದಳು ಶಾಮಲಾ. "ಗೆದ್ರೆ ನಿಮಗೇನ್ರೀ ತೊಂದ್ರೆ?"

"ನಾನು ಅಷ್ಟು ಒಳ್ಳೆ ಆಟಗಾರ ಅಲ್ಲ ಮೇಡಂ. ಊರಲ್ಲಿ ಇದೇ ಆಟಕ್ಕೆ, ಚೆನ್ನೆಮಣೆಗೆ ಕೂತ್ರೆ ನಮ್ಮ ಅತ್ತಿಗೆ ಬೀಡಿ ಕಟ್ಟುತ್ತಲೇ ನನ್ನನ್ನು ಸೋಲಿಸ್ತಾರೆ. ಇದು ಕಂಪ್ಯೂಟರು. ನನಗೆ ಸೋಲ್ತದೆ ಅಂದ್ರೆ ಎಲ್ಲೋ ಏನೋ ತಪ್ಪು ಉಂಟು."

ಅವನು ನೋಟ್‌ಬುಕ್ ಬಿಡಿಸಿದ. ಪುಟಕ್ಕೊಂದು ಆಟ, ಹದಿನಾಲ್ಕು ಸೊನ್ನೆಗಳು, ಒಳಗೆ ಕಾಯಿಗಳ ಲೆಕ್ಕ, ಅಲ್ಲಲ್ಲಿ ಕೆಂಪು ಪೆನ್ಸಿಲಿನ ಗುರುತು. "ಇಲ್ಲಿ ನೋಡಿ. ಮುಂದಿನ ಗುಳಿ ಖಾಲಿ ಇದ್ರೆ ಅದರಾಚೆ ಗುಳಿಯ ಕಾಯಿ ತೆಗೀಬೇಕು, ಅಲ್ವಾ? ಎಲ್ಲಾ ಕಡೆ ತೆಗೀತದೆ. ಈ ಕಡೇ ಮೂಲೆಯ ಗುಳಿ ಖಾಲಿ ಇದ್ರೆ ಮಾತ್ರ ತೆಗೆಯುವುದಿಲ್ಲ. ಸುಮ್ಮನೆ ಆಟ ಬಿಟ್ಟುಕೊಡ್ತದೆ. ಮೂಲೆ ಖಾಲಿ ಮಾಡ್ತಾ ಕೂತ್ರೆ ಯಾರು ಬೇಕಾದ್ರೂ ಗೆಲ್ಲಬಹುದು."

ಶಾಮಲಾ ಕಂಪ್ಯೂಟರ್ ಹಾಕಿ ಪ್ರೋಗ್ರಾಂ ತೆರೆದಳು. ಹದಿನಾಲ್ಕನೆಯ ಗುಳಿ ದಾಟಿದರೆ ಮತ್ತೆ ಒಂದನೆಯದಕ್ಕೆ ಬರಬೇಕು. ಕಾಯಿ ತೆಗೆಯುವ ಕಡೆ ಅವಳು ಹಾಗೆ ಬರೆದಿರಲಿಲ್ಲ. ಪಾಪದ ಯಂತ್ರ ವರ್ಷವಿಡೀ ಹದಿನೈದನೆಯ ಗುಳಿಯೊಂದನ್ನು ಹುಡುಕಿ, ಅಲ್ಲಿ ಏನೂ ಸಿಗದೆ ಸೋಲುತ್ತಾ ಬಂದಿತ್ತು. ಅವಳ ಕಿವಿ ಬಿಸಿಯಾಯಿತು.

ತಿದ್ದಲು ಐದು ನಿಮಿಷ ಸಾಕಾಯಿತು. ಅಂಗಾರ ಆಡಲು ಕೂತ. ರಮಾನಾಥರು ಚಹಾ ಮರೆತು ಅವನ ಬೆನ್ನ ಹಿಂದೆ ಬಂದು ನಿಂತರು. ಅವನು ಎಂದಿನಂತೆ ಮೂಲೆ ಖಾಲಿ ಮಾಡಿದ. ಕಂಪ್ಯೂಟರು ಒಂದು ಕ್ಷಣ ತಡೆದು, ಮೂಲೆ ತಿರುಗಿ, ಅವನ ಗುಳಿಯಿಂದ ಒಂಬತ್ತು ಕಾಯಿ ಎತ್ತಿತು.

"ತೆಗೀತು!" ಎಂದು ಅಂಗಾರ ತೊಡೆ ತಟ್ಟಿಕೊಂಡ. ಇಪ್ಪತ್ತು ನಿಮಿಷದಲ್ಲಿ ಅವನು ಸೋತ. ಅವನ ಮುಖದಲ್ಲಿ ನೆಮ್ಮದಿಯಿತ್ತು.

"ಬೀಗ ಹಾಕಿದ್ರೆ ನೀವು ಕೊಂಡು ಆಡ್ತಿದ್ರಾ?" ಎಂದರು ರಮಾನಾಥರು.

"ಎಲ್ಲಿಂದ ಸರ್? ಕಂಪ್ಯೂಟರು ಯಜಮಾನರದ್ದು. ಮೂರು ಗಂಟೆಗೆ ಗಿರಾಕಿ ಇರುವುದಿಲ್ಲ, ಆಗ ಆಡುವುದು."

ರಮಾನಾಥರು ಚೀಲದಿಂದ ಫ್ಲಾಪಿ ತೆಗೆದು ತಿರುಗಿಸಿ ನೋಡಿದರು. "ಇದರಲ್ಲೂ ಆ ಹದಿನೈದನೇ ಗುಳಿ ಉಂಟಾ?"

"ಇದೆ. ನಾನು ಈಗ ತಿದ್ದಿದ್ದು ಬೀಗ ಇಲ್ಲದ್ದನ್ನ," ಎಂದಳು ಶಾಮಲಾ. "ಬೀಗ ಇನ್ನು ನಾನು ಹಾಕಲ್ಲ ರಮಾನಾಥ್. ಬೇಕಾದ್ರೆ ಹೀಗೇ ತಗೊಂಡು ಹೋಗಿ."

ಅವರು ಬೀಗದ ಫ್ಲಾಪಿಯನ್ನು ಮೇಜಿನ ಮೇಲಿಟ್ಟು ತಿದ್ದಿದ ಇನ್ನೊಂದಕ್ಕೆ ಕೈಚಾಚಿದರು.

ಶಾಮಲಾ ಅಂಗಾರನಿಗೂ ಒಂದು ಪ್ರತಿ ತೆಗೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಟ್ಟಳು. "ನಿಮ್ಮಿಂದ ಹಳೇದನ್ನ ಯಾರಾದ್ರೂ ತಗೊಂಡಿದ್ರೆ ಅವರಿಗೂ ಇದನ್ನ ಕೊಟ್ಬಿಡಿ."

ಅವನು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದವನು ಹಾಗೇ ನಿಂತ.

"ಲಾಡ್ಜು, ಹೋಟೆಲು ಸೇರಿ ಆರು ಜನ ಯಜಮಾನರು ನನ್ನಿಂದ ತಗೊಂಡಿದ್ದಾರೆ ಮೇಡಂ. ಎಲ್ಲರೂ ದಿನಾ ಗೆಲ್ತಾ ಇದ್ದಾರೆ," ಎಂದ. "ಇದನ್ನು ಯಾರು ತಗೊಳ್ತಾರೆ?"