ಬಾಗಿಲು ತಟ್ಟಿ ಬಾ

ವಸತಿ ಯೋಜನೆಯ ಮೇಲ್ವಿಚಾರಕ, ನಲ್ಲಿಯಲ್ಲಿ ನೀರು ಬರುತ್ತಿದೆಯೇ ನೋಡೋಣವೆಂದು ಬಾಗಿಲು ದೂಡಿಕೊಂಡು ಒಳಗೆ ಬಂದ. ನಿನ್ನೆಯಷ್ಟೇ ಮೇಲ್ಸೇತುವೆಯ ಕೆಳಗಿನಿಂದ ಈ ಸರ್ಕಾರಿ ಕೋಣೆಗೆ ಬಂದಿದ್ದ ಅಜ್ಜಿ, ಮಡಚುತ್ತಿದ್ದ ಕಂಬಳಿಯನ್ನು ಎದೆಗವಚಿಕೊಂಡಳು.

“ಆಚೆ ಹೋಗಪ್ಪಾ. ಬಾಗಿಲು ತಟ್ಟಿ ಬಾ.”

“ನಾನೇ ಅಜ್ಜಿ, ನಿನ್ನೆ ಬೀಗದಕೈ ಕೊಟ್ಟೋನು!”

“ಕೊಟ್ಟಾಯ್ತಲ್ಲ?”

ಅವನು ಪೆಚ್ಚಾದ. ಸೇತುವೆಯ ಕೆಳಗೆ ಅವಳ ಟಾರ್ಪಾಲನ್ನು ಅವನು, ಪೊಲೀಸರು, ಹಳೆಬಟ್ಟೆ ಹಂಚುವ ಪುಣ್ಯಾತ್ಮರು, ಎಲ್ಲರೂ ಹೇಳದೆ ಕೇಳದೆ ಎತ್ತಿ ಇಣುಕಿದವರೇ. ಟಾರ್ಪಾಲನ್ನು ತಟ್ಟುವುದಾದರೂ ಹೇಗೆ?

ತೆಪ್ಪಗೆ ಹೊರಗೆ ಹೋಗಿ ಬಾಗಿಲೆಳೆದುಕೊಂಡ. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಮೆಲ್ಲಗೆ ತಟ್ಟಿದ.

“ಯಾರದು?” ಅಜ್ಜಿಯ ದನಿಯಲ್ಲಿನ ಆ ಗತ್ತು ಅವನಿಗೆ ಹೊಸದು.

“ನಾನು, ವಸತಿ ಯೋಜನೆಯವನು. ಒಳಗೆ ಬರಬಹುದಾ?”

ಅಜ್ಜಿ ಉತ್ತರಿಸಲು ಆತುರಪಡಲಿಲ್ಲ.