ಮೂರನೆಯ ಪಾಲಿಸಿ

ಮೂರು ವಿಮಾ ಪಾಲಿಸಿ ಮಾರದೆ ಬ್ಯಾಂಕಿಗೆ ಕಾಲಿಡಬೇಡಿ ಎಂದು ಮ್ಯಾನೇಜರ್ ಬೆಳಿಗ್ಗೆಯೇ ಅವನನ್ನು ಹೊರಗೆ ಅಟ್ಟಿದ್ದರು. ಭಯ ಇರುವಲ್ಲಿ ವಿಮೆ ಬೇಗ ಹೋಗುತ್ತದೆ, ಆಸ್ಪತ್ರೆಗೆ ಹೋಗಿ ಎಂದು ಹೇಳಿಕೊಟ್ಟವರೂ ಅವರೇ. ಎರಡು ಹೇಗೋ ಹೋದವು. ಮೂರನೆಯದಕ್ಕಾಗಿ ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದ ಹೆಂಗಸಿನ ಪಕ್ಕ ಕುಳಿತ. ಜೇಬಿನಲ್ಲಿದ್ದ ಬೀಗದ ಕೈಗೊಂಚಲು ತೊಡೆಗೆ ಚುಚ್ಚಿತು.

“ಇಲ್ಲೊಂದು ಸೈನ್ ಹಾಕಿಬಿಡಿ ಅಮ್ಮಾ. ಇಲ್ಲಾಂದ್ರೆ ನನ್ನನ್ನ ಎಲ್ಲಿಗೋ ಎತ್ತಿ ಹಾಕ್ತಾರೆ. ಮನೇಲಿ ಹೆಂಡತಿ ತುಂಬು ಬಸುರಿ.”

“ನಮ್ಮನೆಯವ್ರು ಒಳಗಿದಾರೆ ಸ್ವಾಮಿ. ಮಧ್ಯಾಹ್ನ ಎರಡರೊಳಗೆ ಕ್ಯಾಷ್ ಕಟ್ಟಿದ್ರೆ ಮಾತ್ರ ಆಪರೇಷನ್ ಅಂತಾರೆ.”

“ಅದಕ್ಕೇ ವಿಮೆ ಇರಬೇಕು ಅನ್ನೋದು.”

“ದುಡ್ಡಿಲ್ಲ ಅಂತಲ್ಲ. ಚೀಟಿ ಎತ್ತಿದ್ದು ಬ್ಯಾಂಕಲ್ಲೇ ಇದೆ. ತರೋಕೆ ನಮ್ಮಣ್ಣ ಆಗಲೇ ಹೋಗಿದಾನೆ.”

“ಹಾಗಾದ್ರೆ ಬರಲಿ, ಕಾಯ್ತೀನಿ.”

ಮ್ಯಾನೇಜರರ ಫೋನ್ ಐದನೆಯ ಸಲ ಬಂತು. ಎಷ್ಟಾಯಿತು ಎಂದು ಕೇಳಲಿಕ್ಕೇ ಇರಬೇಕು. ಅವನು ಈ ಸಲವೂ ಕಟ್ ಮಾಡಿದ.

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. ಅವಳ ಫೋನೂ ಹೊಡೆದುಕೊಂಡಿತು. ಕೇಳುತ್ತ ಕೇಳುತ್ತ ಅವಳು ಬೆಂಚಿನಿಂದ ಎದ್ದು ನಿಂತಳು.

“ಏನಾಯ್ತಮ್ಮಾ?”

“ದುಡ್ಡು ಸಿಗಲ್ವಂತೆ ಸ್ವಾಮಿ. ತಿಜೋರಿ ತೆಗೆಯೋಕೆ ಎರಡು ಕೀ ಬೇಕಂತೆ. ಒಂದು ಮ್ಯಾನೇಜರ್ ಹತ್ರ ಇದೆಯಂತೆ. ಇನ್ನೊಂದನ್ನ ಜೇಬಲ್ಲಿಟ್ಕೊಂಡು ಕ್ಯಾಷಿಯರು ಪಾಲಿಸಿ ಮಾರೋಕೆ ಹೋಗಿದಾರಂತೆ. ಎಷ್ಟು ಸಲ ಮಾಡಿದ್ರೂ ಫೋನ್ ಎತ್ತುತಿಲ್ವಂತೆ.”