ಭಾರವಾದ ಫೈಲು

ಪೆನ್‌ಡ್ರೈವ್ ಹಾಕಿ ಫೈಲು ತೆರೆದದ್ದೇ ತಡ, ಡಿಟಿಪಿ ಅಂಗಡಿಯ ಕಂಪ್ಯೂಟರ್ ಕಲ್ಲಾಗಿ ಕೂತುಬಿಟ್ಟಿತು.

"ಏನಮ್ಮಾ ಇದು, ಇಷ್ಟೊಂದು ದೊಡ್ಡದು?" ಅಂದ ಅಂಗಡಿಯವನು.

"ನಾನೂ ನಮ್ಮ ಯಜಮಾನ್ರೂ ಫೋನಲ್ಲಿ ಒಬ್ಬರಿಗೊಬ್ಬರು ಬರ್ಕೊಂಡ ಮೆಸೇಜು. ಅವರು ಹಡಗಿನ ಕೆಲಸದಲ್ಲಿದ್ರು. ಮದುವೆಯಾದಾಗಿಂದ ಮಾತಾಡಿದ್ದೆಲ್ಲ ಇದರಲ್ಲೇ ಇದೆ."

ಗಂಡ ಹೋದಮೇಲೆ ಮೊದಲ ಸಲ ಆಕೆಯ ದನಿಯಲ್ಲಿ ಒಂಚೂರು ಹೆಮ್ಮೆಯಿತ್ತು. ನಾಡಿದ್ದು ವರ್ಷದ ತಿಥಿ. ಅವರ ಮಾತನ್ನೆಲ್ಲ ಪುಸ್ತಕ ಮಾಡಿಸಿ ಫೋಟೋದ ಮುಂದಿಡಬೇಕೆಂದು ಆಸೆ. ರಟ್ಟಿಗೆ ಹೊದಿಸಲು ಧಾರೆಸೀರೆಯ ಸೆರಗನ್ನೇ ಕತ್ತರಿಸಿ ತಂದು ಮೇಜಿನ ಮೇಲಿಟ್ಟಿದ್ದಳು.

ಅವನು ಬೇರೊಂದು ಸಾಫ್ಟ್‌ವೇರ್‌ನಲ್ಲಿ ಫೈಲನ್ನು ತುಂಡುತುಂಡಾಗಿ ತೆರೆದ. "ಎಲ್ಲಾ ಪ್ರಿಂಟ್ ಹಾಕಿದ್ರೆ ಒಂದು ಮೂಟೆಯಾಗುತ್ತಮ್ಮಾ."

"ಅಯ್ಯೋ, ನನ್ನ ವಟವಟ ಯಾರಿಗೆ ಬೇಕು? ಶುರುವಿಗೆ ನನ್ನ ಹೆಸರಿರೋ ಸಾಲೆಲ್ಲ ಅಳಿಸಿಬಿಡಿ. ಅವರದ್ದಷ್ಟೇ ಇರಲಿ."

ಅವನು ಅಳಿಸಿದ. ಪರದೆಯನ್ನೊಮ್ಮೆ ನೋಡಿದ, ಆಕೆಯ ಮುಖವನ್ನೊಮ್ಮೆ ನೋಡಿದ. ಪ್ರಿಂಟರ್ ಗುರ್ ಅಂದು ಸುಮ್ಮನಾಯಿತು. ಅವನು ಸೆರಗಿನ ತುಂಡನ್ನು ಮೆಲ್ಲಗೆ ಆಕೆಯತ್ತ ಸರಿಸಿದ.

"ಇದಕ್ಕೆ ಬೈಂಡಿಂಗ್ ಬೇಡಮ್ಮಾ. ಒಂದೇ ಹಾಳೆ."